ಅಪ್ಪಯ್ಯಣ್ಣನ ಸಾರಿನ ಮಡಕೆ

ತಿಥಿಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊಸಕೋಟೆ ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಉಳಿದದ್ದು ಅತ್ತೆ ಸೊಸೆ ಇಬ್ಬರೇ. ಬೆಳಗಾಗುತ್ತಲೇ ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸದ್ದಾಯಿತು. ಪಕ್ಕದ ಮನೆಯ ಬೈಲಪ್ಪ ಹಲ್ಲುಜ್ಜುತ್ತ ಇಡೀ ಬೀದಿಗೆ ಕೇಳುವಂತೆ ಕ್ಯಾಕರಿಸಿದ. ಸಮೇತನಹಳ್ಳಿಗೆ ಅದೊಂದು ಮಾಮೂಲಿ ಬುಧವಾರ. ಸಿಂಚನಳಿಗೂ ಅದು ಮಾಮೂಲಿ ಬುಧವಾರದಂತೆಯೇ ಕಂಡಿತು. ಗಂಡ ಸತ್ತವಳಿಗೆ ಹಾಗೆ ಕಾಣಬಾರದೇನೋ ಎಂದುಕೊಂಡಳು, ಎದ್ದು ಸೆರಗು ಸಿಕ್ಕಿಸಿಕೊಂಡು ನೀರು ಕಾಯಿಸಲು ಹಿತ್ತಿಲಿಗೆ ಹೋದಳು.

ನೀರೊಲೆಯ ಪಕ್ಕ, ಸೌದೆಯ ಮರೆಯಲ್ಲಿ, ಮಡಕೆ ಕೂತಿತ್ತು. ಮೈಯೆಲ್ಲ ಮಸಿ, ಬಾಯಿಯ ತನಕ ಬೂದಿ.

ಸಾವಾದ ಮನೆಯಲ್ಲಿ ಮಣ್ಣಿನ ಪಾತ್ರೆ ಉಳಿಸಿಕೊಳ್ಳುವಂತಿಲ್ಲ. ಹಿತ್ತಾಳೆ, ಸ್ಟೀಲು ಇವನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದರೆ ಸೂತಕ ಕಳೆಯುತ್ತದೆ. ಮಣ್ಣು ಹಾಗಲ್ಲ, ಹೀರಿಕೊಂಡದ್ದನ್ನು ಬಿಡುವುದಿಲ್ಲ, ಒಡೆದೇ ಹಾಕಬೇಕು. ಮನೆ ತೊಳೆದ ದಿನ ನೆಂಟರ ಹೆಂಗಸರು ಮೊಸರಿನ ಗಡಿಗೆ, ಉಪ್ಪಿನ ಗಡಿಗೆ, ನೀರಿನ ಮಡಕೆ ಎಲ್ಲವನ್ನೂ ಹೊತ್ತುಕೊಂಡು ಹೋಗಿ ತಿಪ್ಪೆಯ ಬಳಿ ಒಡೆದಿದ್ದರು. ಇದೊಂದು ಉಳಿದದ್ದು ಅವರ ತಪ್ಪಿನಿಂದ. ಮಸಿ ಹಿಡಿದು ಒಲೆಯ ಪಕ್ಕ ಕೂತದ್ದನ್ನು ನೋಡಿ ಬೂದಿ ತುಂಬುವ ಮಡಕೆ ಎಂದುಕೊಂಡರು. ಬೂದಿ ಮಡಕೆಗೆ ಯಾವ ಸೂತಕ? ಬಂದುಹೋಗುವವರ ಸ್ನಾನಕ್ಕೆ ನೀರು ಕಾಯಿಸಿದ್ದೇ ಕಾಯಿಸಿದ್ದು, ಒಲೆ ಗೋರಿ ಬೂದಿಯನ್ನೆಲ್ಲ ಇದರೊಳಗೆ ತುಂಬಿದ್ದೇ ತುಂಬಿದ್ದು.

ಅದು ಸೂಲಿಬೆಲೆ ಅಪ್ಪಯ್ಯಣ್ಣನ ಹೋಟೆಲಿನ ಸಾರಿನ ಮಡಕೆ. ಸಿಂಚನಳ ಗಂಡ ಬೈರೇಶ್ ಸಾಯುವ ಹಿಂದಿನ ವಾರ ಕೇಳಿ ತಂದದ್ದು.

ಬೈರೇಶ್ ಖಾರದ ಮನುಷ್ಯ. ವಾರವಿಡೀ ಹೊಸಕೋಟೆಯ ಗೋದಾಮಿನಲ್ಲಿ ಲಾರಿಗಳ ಲೋಡು ಇಳಿಸುವುದನ್ನು ನೋಡಿಕೊಂಡಿದ್ದು, ಭಾನುವಾರ ಬಂತೆಂದರೆ ಸ್ಕೂಟರ್ ತೆಗೆದು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಖಾರ ಹುಡುಕಿಕೊಂಡು ಹೊರಡುತ್ತಿದ್ದ. ಹೊಸಕೋಟೆಯ ಆಂಧ್ರ ಮೆಸ್ಸಿನ ಗೋಂಗೂರ ಮಟನ್, ಹೆದ್ದಾರಿ ಡಾಬಾದ ಪೆಪ್ಪರ್ ಚಿಕನ್, ಸೂಲಿಬೆಲೆ ಆಚೆಯ ವಿಜಯಪುರದಲ್ಲಿ ಗಾಡಿಯ ಮೇಲೆ ಮಾರುವ ಬೋಟಿ ಗೊಜ್ಜು, ಯಾವುದನ್ನೂ ಬಿಟ್ಟವನಲ್ಲ. ಪ್ರತಿಯೊಂದನ್ನೂ ಅಳೆಯಲು ಅವನದೇ ಒಂದು ಅಳತೆ. ತುಟಿ ಸುಟ್ಟರೆ ಮಕ್ಕಳ ಖಾರ. ಗಂಟಲು ಹಿಡಿದರೆ ಪರವಾಗಿಲ್ಲ. ಕಿವಿಯೊಳಗೆ ಬಿಸಿಯೇರಿ ನೆತ್ತಿಯಲ್ಲಿ ಬೆವರೊಡೆಯಬೇಕು. ಆಗ ಟವೆಲಿನಿಂದ ತಲೆ ಒರೆಸಿಕೊಂಡು, ಏಟು ತಿಂದವನ ಹಾಗೆ ನಗುತ್ತ, "ಇದು ಕಣೇ!" ಅನ್ನುತ್ತಿದ್ದ.

ಸಿಂಚನ ನೆಲಮಂಗಲದವಳು. ತವರಿನಲ್ಲಿ ಖಾರವೆಂದರೆ ಶೀತವಾದಾಗ ಮಾಡುವ ಮೆಣಸಿನ ಸಾರು, ಅಷ್ಟೇ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಹೊಸಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನಿಗೂ ಒಂದು ಪಾಠ ಹೇಳಿದ್ದಳು.

"ಖಾರ ರುಚಿನೇ ಅಲ್ಲ ಕಣ್ರೀ. ಉಪ್ಪು, ಹುಳಿ, ಸಿಹಿ, ಕಹಿ ಇವೆಲ್ಲ ರುಚಿ. ಖಾರ ಬರೀ ಉರಿ. ಬಾಯಿ ಸುಡ್ತಾ ಇದೆ ಅಂತ ನಾಲಿಗೆ ಸುಳ್ಳು ಹೇಳುತ್ತೆ, ಮೆದುಳು ನಂಬಿಬಿಡುತ್ತೆ."

"ಹಂಗಾದ್ರೆ ನಾವು ದುಡ್ಡು ಕೊಟ್ಟು ಉರಿ ತಿಂತಿದೀವಾ?"

"ಹೌದು."

"ಸರಿ ಬಿಡು, ಇನ್ನೊಂದ್ ಪ್ಲೇಟ್ ಹೇಳು."

ಎಲ್ಲ ಸುತ್ತಿ ಕೊನೆಗೆ ಅವರು ಹೋಗಿ ನಿಲ್ಲುತ್ತಿದ್ದುದು ಸೂಲಿಬೆಲೆಯಲ್ಲೇ. ಅಪ್ಪಯ್ಯಣ್ಣನ ಹೋಟೆಲಿಗೆ ಬೋರ್ಡಿಲ್ಲ. ಶೀಟು ಹೊದಿಸಿದ ಒಂದು ಮನೆ, ನಾಲ್ಕು ಬೆಂಚು, ಸೌದೆ ಒಲೆಯ ಮೇಲೆ ಸಾಲಾಗಿ ಮಡಕೆಗಳು, ಅವುಗಳಲ್ಲಿ ನಾಟಿಕೋಳಿ ಸಾರು. ಮೊದಲ ಸಲ ಹೋದಾಗ ಸಿಂಚನ ಎರಡನೇ ತುತ್ತಿಗೇ ನೀರಿನ ಲೋಟಕ್ಕೆ ಕೈಹಾಕಿದಳು. ಅಪ್ಪಯ್ಯಣ್ಣ ಬಂದು ಲೋಟವನ್ನೇ ಎತ್ತಿಕೊಂಡ.

"ನೀರು ಕುಡಿದ್ರೆ ಉರಿ ಮೈಗೆಲ್ಲಾ ಹರಡ್ತದೆ ಕಣಮ್ಮ. ಮುದ್ದೆ ನುಂಗು. ಅದು ಹೊತ್ಕಂಡು ಹೋಗ್ತದೆ."

ನುಂಗಿದಳು. ಹೊತ್ತುಕೊಂಡು ಹೋಯಿತು. ಆಮೇಲೆ ಮೈ ಹಗುರಾಗಿ, ಹೊರಗಿನ ಬಿಸಿಲೇ ತಂಪೆನಿಸಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಭಾನುವಾರ ಮೊದಲು ಚಪ್ಪಲಿ ಮೆಟ್ಟುತ್ತಿದ್ದವಳು ಅವಳೇ.

ಆ ಸಾರನ್ನು ಮನೆಯಲ್ಲಿ ಮಾಡಬೇಕೆಂದು ಬೈರೇಶ್ ಎಷ್ಟೋ ಸಲ ಹೆಣಗಿದ್ದ. ಅದೇ ಗುಂಟೂರು ಮೆಣಸಿನಕಾಯಿ, ಅದೇ ನಾಟಿಕೋಳಿ, ಆದರೂ ಬರಲಿಲ್ಲ. "ನಿಮ್ ಖಾರ ಮೆಣಸಿನಕಾಯಲ್ಲಿಲ್ಲ ಅಣ್ಣಾ, ಮಡಕೇಲೈತೆ," ಎಂದು ಒಂದು ಭಾನುವಾರ ವಾದಕ್ಕೆ ನಿಂತ.

"ಹಂಗೋ? ತಗಂಡೋಗ್ಲಾ ಮಡಕೇನ," ಎಂದು ಅಪ್ಪಯ್ಯಣ್ಣ ನಕ್ಕು ಹಳೆಯ ಮಡಕೆಯೊಂದನ್ನು ಇಳಿಸಿಕೊಟ್ಟ. "ಮಾಡಿ ತಿಂದು ತಂದ್ಕೊಡು. ಸೋಪು ಮಾತ್ರ ತಾಗಿಸ್ಬೇಡ. ನಮ್ಮವ್ವನ ಕಾಲದ್ದು."

ಮೆಣಸಿನಕಾಯಿ ಹುರಿದರೆ ತಾಯಿ ಮುನಿವೆಂಕಟಮ್ಮನಿಗೆ ಕೆಮ್ಮು ಬರುತ್ತದೆಂದು ಬೈರೇಶ್ ಹಿತ್ತಿಲ ನೀರೊಲೆಯ ಮೇಲೆ ಅಡುಗೆ ಹೂಡಿದ. ಸಾರು ಚೆನ್ನಾಗಿತ್ತು, ಅಪ್ಪಯ್ಯಣ್ಣನದರಷ್ಟಿರಲಿಲ್ಲ. "ಇನ್ನೊಂದ್ ಸಲ ನೋಡ್ತೀನಿ, ಆಮೇಲೆ ವಾಪಸ್ ಕೊಡಾಣ," ಎಂದಿದ್ದ. ಆ ವಾರ ಗೋದಾಮಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

"ಏನಮ್ಮ ನೋಡ್ತಾ ನಿಂತಿದೀಯ?" ಮುನಿವೆಂಕಟಮ್ಮ ಹಿಂಬಾಗಿಲಿಗೆ ಬಂದಳು. ಮಡಕೆ ಅವಳ ಕಣ್ಣಿಗೂ ಬಿತ್ತು. "ಅದೇ ಅಲ್ವಾ ಅದು? ಅವನು ಸಾರು ಕಾಯಿಸಿದ್ದು?"

"ಹೂಂ ಅತ್ತೆ."

"ಒಡ್ದಾಕು. ಈಗ್ಲೇ ಒಡ್ದಾಕು."

ಸೂತಕದ ಕೋಪವಷ್ಟೇ ಅಲ್ಲ ಅದು. ಸಾವಿನ ದಿನವೇ ಯಾರೋ ಅಂದಿದ್ದರು, ಅಷ್ಟು ಖಾರ ತಿಂದರೆ ಎದೆ ತಡೆಯುತ್ತದಾ ಎಂದು. ತಿಥಿಯ ಹೊತ್ತಿಗೆ ಅದು ಊರಿನ ತೀರ್ಮಾನವಾಗಿತ್ತು. ರಕ್ತನಾಳ ಕಟ್ಟಿಕೊಂಡಿತ್ತು ಎಂದು ಡಾಕ್ಟರು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ. ನೆಂಟರಿನ್ನೂ ಮನೆಯಲ್ಲಿರುವಾಗಲೇ ಮುನಿವೆಂಕಟಮ್ಮ ಗುಂಟೂರು ಮೆಣಸಿನಕಾಯಿಯ ಡಬ್ಬಿಯನ್ನು ತಿಪ್ಪೆಗೆ ಸುರಿದು ಬಂದಿದ್ದಳು.

"ಒಡೆಯೋಕೆ ಅದು ನಮ್ದಲ್ಲ ಅತ್ತೆ. ಸೂಲಿಬೆಲೆ ಅಪ್ಪಯ್ಯಣ್ಣಂದು. ಇವರು ಕೇಳಿ ತಂದಿದ್ರು."

ಕಾಂಪೌಂಡಿನ ಆಚೆಯಿಂದ ಬೈಲಪ್ಪನ ತಲೆ ಕಾಣಿಸಿತು. ಅವನು ತೀರಿಹೋದ ಮಾವನ ತಮ್ಮ, ಈ ಮನೆಯ ಮಾತು ಅವನ ಕಿವಿ ತಪ್ಪಿಸಿ ಹೋಗುತ್ತಿರಲಿಲ್ಲ. "ಅವನಾ? ಸಾವಿಗೂ ಬರ್ಲಿಲ್ಲ, ತಿಥಿಗೂ ಬರ್ಲಿಲ್ಲ. ಯಾವ ಮುಖ ಇಟ್ಕಂಡು ಬಂದಾನು? ತಿನ್ಸಿ ತಿನ್ಸಿ ಎದೆ ಸುಟ್ಟು ಕಳಿಸ್ದ. ಒಡ್ದಾಕು ಅತ್ಗೆ, ಕೇಳ್ಕಂಡು ಬರ್ಲಿ, ನಾನ್ ಮಾತಾಡ್ತೀನಿ."

ಮುನಿವೆಂಕಟಮ್ಮ ಒಲೆಯ ಹತ್ತಿರ ಬಂದಳು. ಮಡಕೆಯನ್ನೇ ನೋಡುತ್ತ ನಿಂತಳು. ಒಡೆಯುವ ಆಸೆ ಮುಖದಲ್ಲೇ ಇತ್ತು. ಆದರೆ ಸತ್ತವನ ಹೆಸರಿನಲ್ಲಿ ಇನ್ನೊಬ್ಬರ ವಸ್ತು ಉಳಿಯಬಾರದು, ಉಳಿದರೆ ಅದು ಅವನನ್ನು ಆಚೆ ಹೋಗಲು ಬಿಡುವುದಿಲ್ಲ ಎಂದು ನಂಬಿದವಳು ಅವಳು.

"ಕೊಟ್ಬಿಡು ಹಂಗಾದ್ರೆ. ಬೇಗ ಕೊಟ್ಬಿಡು," ಎಂದಳು. "ಬರೀ ಮಡಕೆ ಕೊಡ್ಬಾರ್ದು. ರಾಗಿನೋ ಅಕ್ಕಿನೋ ಹಾಕು."

ಸಿಂಚನ ಬೂದಿಯನ್ನು ತಿಪ್ಪೆಗೆ ಸುರಿದಳು. ಒಳಗೆ ಬೆರಳಾಡಿಸಿ ನೋಡಿದಳು, ನುಣ್ಣಗೆ ಬೂದಿ ಕಚ್ಚಿಕೊಂಡಿತ್ತು. ಹೀಗೆಯೇ ಕೊಟ್ಟರೆ ಅಪ್ಪಯ್ಯಣ್ಣನ ಸಾರು ಕೆಡುತ್ತದೆ. ಇಷ್ಟು ವರ್ಷ ಎಣ್ಣೆ, ಮಸಾಲೆ ಕುಡಿದ ಮಡಕೆ ಇನ್ನು ಬೂದಿಯನ್ನು ಕಾರುತ್ತ ಕೂತರೆ ಒಡೆದುಕೊಟ್ಟಂತೆಯೇ. ಬೂದಿ ಕ್ಷಾರ, ಅದಕ್ಕೆ ಹುಳಿ ಬೇಕು ಎಂದು ಹೊಳೆಯಿತು. ಬಹಳ ದಿನದ ಮೇಲೆ ಅವಳ ತಲೆಯಲ್ಲಿ ಎದ್ದ ಮೊದಲ ನೆಟ್ಟಗಿನ ಯೋಚನೆ ಅದು. ಹುಣಸೆಹಣ್ಣು ಕಿವುಚಿ, ನೀರು ತುಂಬಿ, ಮಡಕೆಯನ್ನು ಒಲೆಯ ಮೇಲಿಟ್ಟು ಕುದಿಸಿದಳು. ಚೆಲ್ಲಿದಳು. ಗಂಜಿ ಹುಯ್ದು ಕುದಿಸಿದಳು. ಬಿಸಿಲಿಗಿಟ್ಟಳು. ಅತ್ತೆ ಹಿಂಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ನೋಡುತ್ತಿದ್ದಳು.

ಮಾರನೆಯ ದಿನ ಪರೀಕ್ಷೆಗೆಂದು ಅದರಲ್ಲಿ ಹುರುಳಿಕಾಳಿನ ಸಾರು ಮಾಡಿದಳು. ಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ, ನಾಲ್ಕೇ ಕಾಳುಮೆಣಸು ಹಾಕಿದಳು. ಇಬ್ಬರೂ ಕೂತರು. ಸಿಂಚನ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. ಇನ್ನೊಂದು ತುತ್ತು, ಮತ್ತೊಂದು.

ಮುನಿವೆಂಕಟಮ್ಮ ಮೊದಲ ತುತ್ತನ್ನೇ ತಟ್ಟೆಗೆ ಉಗಿದಳು.

"ಥೂ! ಬರೀ ಬೂದಿ! ಹೆಂಗೆ ತಿಂತಾ ಇದೀಯೇ ಇದನ್ನ?"

ಸಿಂಚನ ತಟ್ಟೆ ನೋಡಿದಳು. ಅರ್ಧ ಮುದ್ದೆ ಖಾಲಿಯಾಗಿತ್ತು.

"ನಂಗೊತ್ತಾಗ್ಲಿಲ್ಲ ಅತ್ತೆ."

"ಗೊತ್ತಾಗ್ಲಿಲ್ಲ ಅಂದ್ರೆ? ಬಾಯಲ್ಲಿ ಇಡೋಕಾಗ್ತಿಲ್ಲ!"

"ನಂಗೆ ಯಾವುದೂ ಗೊತ್ತಾಗ್ತಿಲ್ಲ. ಉಪ್ಪೂ ಇಲ್ಲ, ಹುಳೀನೂ ಇಲ್ಲ. ಕಾಫಿ ಕುಡಿದ್ರೂ ಬಿಸಿನೀರು ಕುಡಿದಂಗೆ." ದನಿ ಏರದೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವವಳಂತೆ ಹೇಳಿದಳು.

"ಯಾವತ್ತಿಂದ?"

"ಅವತ್ತಿಂದ."

ತಿಥಿಯ ದಿನ ಸೊಸೆ ಎಲೆಯ ಮುಂದೆ ಕೂತು ಬಡಿಸಿದ್ದನ್ನೆಲ್ಲ ತಿಂದು ಎದ್ದದ್ದನ್ನು ನೆಂಟರ ಹೆಂಗಸರು ಗಮನಿಸಿದ್ದರು. ಮುನಿವೆಂಕಟಮ್ಮನ ಕಿವಿಗೂ ಹಾಕಿದ್ದರು. ಅವಳೂ ಮನಸ್ಸಿನಲ್ಲಿ ಒಂದಿಷ್ಟು ಕಹಿ ಇಟ್ಟುಕೊಂಡಿದ್ದಳು. ಈಗ ಅವಳು ಸೊಸೆಯ ತಟ್ಟೆಯನ್ನು ಎಳೆದುಕೊಂಡು, ಇದ್ದ ಸಾರನ್ನು ಹಸುವಿನ ಬಾನಿಗೆ ಸುರಿದು, ಮೊಸರು ತಂದು ಹಾಕಿದಳು. ಆಮೇಲೆ ಅಟ್ಟದಿಂದ ಹುಣಸೆಹಣ್ಣಿನ ದೊಡ್ಡ ಉಂಡೆಯೊಂದನ್ನು ಇಳಿಸಿಟ್ಟಳು.

"ಹಳೇ ಹುಣಸೆಹಣ್ಣು. ಇದು ಎಳೀತದೆ ನೋಡು. ನೀನು ಹಾಕಿದ್ದು ಹೊಸದು."

ಶುಕ್ರವಾರ, ಶನಿವಾರ ಮಡಕೆ ಹುಳಿನೀರಿನಲ್ಲಿ ಕುದಿಯಿತು, ಗಂಜಿಯಲ್ಲಿ ಕುದಿಯಿತು, ಒಣಗಿತು. ಹರಳೆಣ್ಣೆ ಸವರಿ ಕೆಂಡದ ಮೇಲೆ ಕಾಯಿಸಿದ್ದು ಮುನಿವೆಂಕಟಮ್ಮನೇ. ಶನಿವಾರ ಸಂಜೆ ಅಂಗಡಿಗೆ ಹೋಗಿ ಬಂದು ಕಾಗದದ ಪೊಟ್ಟಣವೊಂದನ್ನು ಸೊಸೆಯ ಮುಂದಿಟ್ಟಳು. ಬಿಚ್ಚಿದರೆ ಗುಂಟೂರು ಮೆಣಸಿನಕಾಯಿ.

"ಅತ್ತೆ?"

"ನೀನೇ ಅಂತಿದ್ಯಲ್ಲ, ಖಾರ ರುಚಿ ಅಲ್ಲ, ಉರಿ ಅಂತ. ಮನೇಲೂ ಅದೇ ವಾದ ಮಾಡ್ತಿದ್ರಲ್ಲ, ಒಳಗೆ ಕೂತ್ಕಂಡು ನಂಗೂ ಕೇಳಿಸ್ತಿತ್ತು." ಮುನಿವೆಂಕಟಮ್ಮ ಬೇರೆ ಕಡೆ ನೋಡಿದಳು. "ರುಚಿ ಗೊತ್ತಾಗ್ದಿದ್ರೂ ಉರಿ ಗೊತ್ತಾಗ್ಬೇಕಲ್ಲ. ಬೂದಿ ನಾನು ನೋಡ್ತೀನಿ. ಖಾರ ನೀನು ನೋಡ್ಕೋ."

ಭಾನುವಾರ ಬೆಳಿಗ್ಗೆ ಬೈಲಪ್ಪ ಹುಂಜ ಕೊಯ್ದು, ಸುಟ್ಟು, ಅರಿಸಿನ ಬಳಿದು ಕೊಟ್ಟ. ಯಾವ ಮಡಕೆಗೆ ಎಂದು ಗೊತ್ತಾದ ಮೇಲೆ ಗೊಣಗಿದ. ಗೊಣಗಿದರೂ ಕಾಂಪೌಂಡಿನ ಪಕ್ಕ ಕಲ್ಲಿನ ಮೇಲೆ ಕೂತೇ ಇದ್ದ, ಹೋಗಲಿಲ್ಲ. ಸಿಂಚನ ಈ ಸಾರನ್ನು ಎಂದೂ ಮಾಡಿದವಳಲ್ಲ, ಪಕ್ಕದಲ್ಲಿ ನಿಂತು ನೋಡಿದವಳು. ಬಾಣಲೆಯಲ್ಲಿ ಮೆಣಸಿನಕಾಯಿ ಹುರಿದಳು. ಘಾಟು ಎದ್ದು ಬೈಲಪ್ಪ ಕೆಮ್ಮಿದ, ಮುನಿವೆಂಕಟಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೆಮ್ಮಿದಳು, ಆದರೆ ಒಳಗೆ ಹೋಗಲಿಲ್ಲ. ಧನಿಯ, ಚಕ್ಕೆ, ಲವಂಗ, ಗಸಗಸೆ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ ಸೇರಿಸಿ ರುಬ್ಬಿದಳು. ಕೋಳಿ ಮಡಕೆಯಲ್ಲಿ ತನ್ನ ನೀರಿನಲ್ಲೇ ಬೆಂದು ಎಣ್ಣೆ ಬಿಟ್ಟ ಮೇಲೆ ರುಬ್ಬಿದ ಖಾರ ಹಾಕಿದಳು. ಸಾರು ಮೇಲೆ ಕೆಂಪಗೆ ಕಟ್ಟಿ ನಿಧಾನವಾಗಿ ಗುಳುಗುಟ್ಟತೊಡಗಿತು.

ಮೊದಲು ಅವಳು ನೋಡಿದಳು. ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದಳು. ಉಪ್ಪಿದೆಯೋ ಇಲ್ಲವೋ ತಿಳಿಯಲಿಲ್ಲ. ಕೋಳಿಯೋ ಕುಂಬಳಕಾಯಿಯೋ ಅದೂ ತಿಳಿಯಲಿಲ್ಲ. ಆದರೆ ತುಟಿ ಚುರುಗುಟ್ಟಿತು. ಇನ್ನೊಂದು ಸೌಟು ಬಟ್ಟಲಿಗೆ ಬಡಿಸಿಕೊಂಡು ಮುದ್ದೆಯ ಜೊತೆ ನುಂಗಿದಳು. ಉರಿ ಗಂಟಲಿಗೆ ಇಳಿಯಿತು, ನಿಂತಿತು, ನಿಧಾನಕ್ಕೆ ಕಿವಿಗೆ ಹತ್ತಿತು. ನೆತ್ತಿಯಲ್ಲಿ, ಕೂದಲ ಬುಡದಲ್ಲಿ, ಬೆವರು ಮೂಡಿದ್ದು ಗೊತ್ತಾಯಿತು. ಸುಖವೆಂದು ಹೇಳಲಾಗದು, ದುಃಖವೂ ಅಲ್ಲ. ಮೈ ಇನ್ನೂ ಇದೆ ಎಂದು ಯಾರೋ ಬಾಗಿಲು ಬಡಿದು ಹೇಳಿಹೋದಂತೆ. ಅವಳು ತಟ್ಟೆ ಹಿಡಿದು ಕೂತು ನೆಟ್ಟಗೆ ಊಟ ಮಾಡಿದಳು.

"ನಂಗೂ ಹಾಕು," ಎಂದಳು ಮುನಿವೆಂಕಟಮ್ಮ.

"ಅತ್ಗೆ, ನಿಂಗೆ ಹೊಟ್ಟೆ ಉರಿ..." ಎಂದ ಬೈಲಪ್ಪ.

"ನೀನ್ ಸುಮ್ನಿರು."

ಒಂದು ತುತ್ತು ನುಂಗಿದಳು. ಮುಖವೆಲ್ಲ ಕೆಂಪಾಯಿತು. ಕೆಮ್ಮಿ, ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಸಿಂಚನ ನೀರಿನ ಚೊಂಬು ಮುಂದಿಟ್ಟಳು, ಮತ್ತೆ ಏನೋ ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು.

"ಮುದ್ದೆ ನುಂಗಿ ಅತ್ತೆ. ಅದು ಹೊತ್ಕೊಂಡು ಹೋಗುತ್ತೆ."

ಮುನಿವೆಂಕಟಮ್ಮ ನುಂಗಿದಳು. ಕಣ್ಣು ಒರೆಸಿಕೊಂಡಳು. "ಬೂದಿ ಇಲ್ಲ," ಎಂದಳು. ಇನ್ನೊಂದು ತುತ್ತು ಅದ್ದಿದಳು. "ಬೂದಿ ಹೋಗೈತೆ. ಉಪ್ಪು ಒಂಚೂರು ಬೇಕು." ಮೂರನೆಯದನ್ನೂ ಅದ್ದಿದಳು. "ಹೆಂಗ್ ತಿಂತಿದ್ನೋ ಇದನ್ನ," ಎಂದು ಹೇಳುತ್ತಲೇ ತಟ್ಟೆ ಖಾಲಿ ಮಾಡಿದಳು.

ಬೈಲಪ್ಪನಿಗೆ ತಡೆಯಲಾಗಲಿಲ್ಲ. "ತಿನ್ನಿ, ತಿನ್ನಿ. ಅವನು ಹೋದಂಗೆ ನೀವೂ ಹೋಗಿ. ಊರಿಗೆಲ್ಲಾ ಗೊತ್ತು, ಈ ಖಾರವೇ ಅವನ ಎದೆ..."

"ನಿಮ್ಮಣ್ಣ ಹೆಂಗ್ ಹೋದ ಬೈಲಪ್ಪ?"

ಬೈಲಪ್ಪ ಕಲ್ಲಿನ ಮೇಲೆ ಮಿಸುಕಾಡಿದ.

"ಹೇಳು. ರಾಗಿ ಹೊಲ್ದಲ್ಲಿ ಎದೆ ಹಿಡ್ಕಂಡು ಕೂತ್ಕಂಡವನು ಎದ್ನಾ? ಇವನಷ್ಟೇ ವಯಸ್ಸು ಅವನ್ಗೂ. ಮಜ್ಜಿಗೆ ಅನ್ನ ಬಿಟ್ಟು ಇನ್ನೇನಾದ್ರೂ ಮುಟ್ಟಿದ್ನಾ ನಿಮ್ಮಣ್ಣ? ಒಂದ್ ಮೆಣಸಿನಕಾಯಿ ಕಚ್ಚಿದ್ದು ನೋಡಿದೀಯಾ?" ಅವಳು ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಇಟ್ಟುಕೊಂಡು ಹೇಳುತ್ತಿದ್ದಳು, ಅವನಿಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವಂತೆ. "ಆ ಅಪ್ಪಯ್ಯಣ್ಣಂದು ಏನೂ ತಪ್ಪಿಲ್ಲ. ನಾವೇ ಏನೇನೋ ಮಾತಾಡಿದ್ವಿ."

ಬೈಲಪ್ಪ ಎದ್ದು ಪಂಚೆ ಕೊಡವಿಕೊಂಡ. "ಸರಿ, ಕೊಡಿ ಇತ್ತ, ನಾನೇ ಕೊಟ್ಬತ್ತೀನಿ. ಈ ಹುಡುಗಿ ಇಷ್ಟು ಬೇಗ ಮನೆ ಬಿಟ್ಟು ಹೊರಟ್ರೆ ಊರೋರು..."

"ನೀನ್ ಕೊಟ್ಟಂಗೇ! ಹೊಸಕೋಟೆ ದಾಟೋದ್ರಲ್ಲಿ ಸಾರು ಖಾಲಿ ಮಾಡಿರ್ತೀಯ. ಅವಳೇ ಹೋಗ್ತಾಳೆ. ನೀನೊಂದು ತಟ್ಟೆ ತಗಂಬಾ, ಹಾಕ್ತೀನಿ."

ಉಳಿದ ಸಾರಿನ ಸಮೇತ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಸಿಂಬಿಯ ಮೇಲೆ ಕೂರಿಸಿ, ಸಿಂಚನ ಬಸ್ಸು ಹತ್ತಿದಳು. ಹೊಸಕೋಟೆಯಲ್ಲಿ ಸೂಲಿಬೆಲೆ ಬಸ್ಸಿಗೆ ಬದಲಾಯಿಸಿ, ಮಡಕೆಯನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಳು. ಕಂಡಕ್ಟರ್ ಟಿಕೆಟ್ ಹರಿಯುತ್ತ ಮೂಗೆಳೆದ.

"ಏನಮ್ಮಾ ಅದು, ಬಸ್ಸೆಲ್ಲಾ ಘಂ ಅಂತೈತೆ? ಹಿಂಗೆ ಮಾಡಿದ್ರೆ ನಾವು ಡ್ಯೂಟಿ ಮಾಡೋದು ಹೆಂಗೆ?"

"ಕೋಳಿ ಸಾರು."

"ಎಲ್ಲಿಗೆ?"

"ವಾಪಸ್ ಕೊಡೋಕೆ."

ಕೋಳಿ ಸಾರನ್ನು ವಾಪಸ್ ಕೊಡುವುದು ಹೇಗೆಂದು ತಿಳಿಯದೆ ಅವನು ಮುಂದಿನ ಸೀಟಿಗೆ ಹೋದ.

ಊಟದ ಹೊತ್ತು ಮುಗಿದಿತ್ತು. ಅಪ್ಪಯ್ಯಣ್ಣ ಬೆಂಚು ಒರೆಸುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಒರೆಸುವುದನ್ನು ನಿಲ್ಲಿಸಿದ. ಅವಳ ಸೊಂಟದ ಮೇಲಿದ್ದ ಮಡಕೆ ಕಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಅದ್ಯಾಕೆ ತರೋಕೋದೆ ತಾಯಿ. ಅದು ಇರ್ಲಿ ಬಿಡು. ನಂಗೆ ಬೇಡ."

"ನಿಮ್ದು ಅಣ್ಣಾ. ಇವರು ತಂದುಕೊಡ್ತೀನಿ ಅಂದಿದ್ರು."

"ನಾನು ಬರ್ಬೇಕಾಗಿತ್ತು. ಬಂದಿದ್ದೆ ಕೂಡ, ನಿಮ್ಮೂರ ಬಸ್ ಸ್ಟಾಪ್ ತಂಕ." ಒರೆಸಿದ ಬೆಂಚನ್ನೇ ಮತ್ತೆ ಒರೆಸಿದ. "ಅಲ್ಲಿ ಟೀ ಅಂಗ್ಡೀಲಿ ಮಾತಾಡ್ತಿದ್ರು. ಅಪ್ಪಯ್ಯಣ್ಣನ ಸಾರು ತಿಂದೇ ಹೋಗಿದ್ದು ಅಂತ. ಹಂಗೇ ವಾಪಸ್ ಬಂದೆ. ಅವತ್ತಿಂದ ಒಲೆ ಮೇಲೆ ಖಾರ ಕಮ್ಮಿ ಮಾಡ್ಬಿಟ್ಟಿದೀನಿ. ಗಿರಾಕಿಗಳು ಬೈತಾರೆ. ಕೈ ಬರಲ್ಲ, ಏನ್ ಮಾಡ್ಲಿ?"

"ಇವರಪ್ಪನೂ ಹಿಂಗೇ ಹೋದ್ರಂತೆ ಅಣ್ಣಾ. ಇದೇ ವಯಸ್ಸಲ್ಲಿ, ಇದೇ ಥರ. ಅವರು ಮೆಣಸಿನಕಾಯಿ ಮುಟ್ಟಿದವರೇ ಅಲ್ಲ. ನಿಮಗೆ ಹೇಳ್ಬೇಕು ಅಂತ ನಮ್ಮತ್ತೆನೇ ಕಳಿಸಿದ್ದು."

ಅಪ್ಪಯ್ಯಣ್ಣ ಅವಳ ಮುಖ ನೋಡಿದ. ಸಮಾಧಾನಕ್ಕೆ ಹೇಳುತ್ತಿದ್ದಾಳೋ ಎಂದು ಹುಡುಕುವವನಂತೆ ನೋಡಿದ. ಅವಳ ಮುಖದಲ್ಲಿ ಸಮಾಧಾನ ಹೇಳುವ ಲಕ್ಷಣ ಏನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮಡಕೆ ಭಾರವೆಂದು ಸೊಂಟ ಬದಲಿಸುತ್ತಿದ್ದಳು.

"ಬರೀ ಮಡಕೆ ಅಲ್ಲ. ಸಾರಿದೆ," ಎಂದಳು. "ನಮ್ಮ ಮನೇಲಿ ಮಾಡಿದ್ದು. ಬೂದಿ ತುಂಬಿಬಿಟ್ಟಿದ್ರು, ಬಿಡಿಸಿದ್ದೀವಿ. ಸೋಪು ಹಾಕಿಲ್ಲ. ಸರಿಯಾಗಿದೆಯಾ ನೋಡಿ."

ಅವನು ಸೌಟು ತಂದ. ಅವಳು ಮಡಕೆ ಹಿಡಿದೇ ನಿಂತಿದ್ದಳು, ಅವನೇ ಬಟ್ಟೆ ಬಿಚ್ಚಿ, ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದ. ನಾಲಿಗೆಯನ್ನು ಮೇಲಕ್ಕೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ.

"ಖಾರ ಸಾಲ್ದು," ಎಂದ.

"ಸಾಲ್ದಾ?"

"ಸಾಲ್ದು ಕಣಮ್ಮ. ಮೆಣಸಿನಕಾಯಿ ಹೊತ್ತಿಸ್ಬಿಟ್ಟಿದೀಯ. ಹೊತ್ತಿದ್ರೆ ಘಾಟು ಮೇಲಕ್ಕೆ ಹೋಗ್ತದೆ, ಖಾರ ಒಳಗೆ ಬರಲ್ಲ. ಅವನೂ ಇದೇ ತಪ್ಪು ಮಾಡ್ತಿದ್ದ, ಮಡಕೆ ಮಡಕೆ ಅಂತ ಬಡ್ಕಂತಿದ್ದ." ಸೌಟನ್ನು ಹೆಗಲ ಟವೆಲಿಗೆ ಒರೆಸಿ ಪಕ್ಕಕ್ಕಿಟ್ಟು, ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದ, "ಲೇ, ಒಲೆಗೆ ಎರಡು ಸೌದೆ ಇಡು. ಇದನ್ನ ಏರಿಸ್ಬೇಕು."

ಆಮೇಲೆ ಎರಡೂ ಕೈಗಳನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದ. ಸಿಂಚನ ಮಡಕೆಯನ್ನು ಆ ಕೈಗಳ ಮೇಲಿಟ್ಟಳು. ಅವನ ಬೆರಳುಗಳು ತಳದಲ್ಲಿ ಭದ್ರವಾಗಿ ಕೂತವೆಂದು ನೋಡಿಕೊಂಡು, ಕೈ ಬಿಟ್ಟಳು.